ತೋಯದ ಕೈ

ನಲ್ಲಿಯನ್ನು ಪೂರ್ತಿ ತಿರುವಿ ಬಿಟ್ಟು ಗೌತಮ ನೀರಿನ ಸದ್ದು ಕೇಳುತ್ತ ನಿಂತ. ಬೇಸಿನ್ನಿನ ತಳಕ್ಕೆ ಬಡಿದು ಸಿಡಿಯುವ ಆ ಸದ್ದು ಒಳಗಿನ ಕೋಣೆಗೆ ಕೇಳಿಸಿದರೆ ಸಾಕು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯ ಮೇಲಿನ ಚಿತ್ರ ನೋಡಿದ. ಬೆಣ್ಣೆಯಂಥ ಎರಡು ಬಿಳಿ ಕೈಗಳು, ಅವುಗಳ ಮೇಲೆ ಸೋಪಿನ ನೊರೆ, ಕೆಳಗೆ ನಾಲ್ಕು ಸಾಲು ಇಂಗ್ಲಿಷು. ಈ ಬಾಗಲಕೋಟೆ ಜಿಲ್ಲೆಯಲ್ಲಿ ಅಂಥ ಕೈ ಯಾರಿಗಿದೆ, ಆ ನಾಲ್ಕು ಸಾಲನ್ನು ಓದುವವರು ಯಾರಿದ್ದಾರೆ? ಆದರೂ ಡಾಕ್ಟರ್ ವೀರೇಶನಿಗೆ ಅದನ್ನು ಅಂಟಿಸಿಬಿಟ್ಟರೆ ದವಾಖಾನೆ ಹುಬ್ಬಳ್ಳಿಯದಕ್ಕೆ ಸಮನಾಯಿತು ಎಂಬ ಸಮಾಧಾನ. ಹಾಸಿಗೆಯ ಚಾದರು ಮಾತ್ರ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಗೌತಮ ಮನಸ್ಸಿನಲ್ಲೇ ನಕ್ಕು ನಲ್ಲಿ ನಿಲ್ಲಿಸಿದ. ಅವನ ಕೈಗೆ ಒಂದು ಹನಿಯೂ ತಾಗಿರಲಿಲ್ಲ. ಇಡೀ ವಾರದಲ್ಲಿ ಅವನಿಗೆ ಗೆದ್ದೆ ಅನ್ನಿಸುತ್ತಿದ್ದುದು ಇಲ್ಲಿ, ಈ ಬೇಸಿನ್ನಿನ ಮುಂದೆ, ಈ ಅರ್ಧ ನಿಮಿಷ ಮಾತ್ರ. ಎಂಥ ಗೆಲುವು ಅದು ಎಂದು ಅವನಿಗೂ ಗೊತ್ತಿತ್ತು.

"ತೊಳ್ಕೊಂಡ್ರಿ ಸರ?" ಒಳಗಿನಿಂದ ಸಿಸ್ಟರ್ ಶಹರಬಾನು ಕೇಳಿದಳು.

"ಹೂಂ."

"ಮೊಣಕೈ ತನಕ ಸೋಪ ಹಚ್ಚಿ?"

"ಹೂಂ ಅಂದ್ನೆಲ್ಲ."

ಅವನ ಎರಡೂ ಮೂತ್ರಪಿಂಡ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ಹುನಗುಂದದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾದ ಅವನು ಡಯಾಲಿಸಿಸ್ಸಿನ ದಿನ ರಜೆ ಹಾಕಿ, ಅಮೀನಗಡದ ಮೇಲೆ ಹಾದು ಬರುವ ಬಸ್ಸು ಹಿಡಿದು ಬಾಗಲಕೋಟೆಯ ನವನಗರಕ್ಕೆ ಬರುತ್ತಿದ್ದ. ಎಡಗೈಯಲ್ಲಿ, ಮೊಣಕೈ ಕೆಳಗೆ, ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಅಲ್ಲಿ ಚರ್ಮದಡಿ ಒಂದು ಉಬ್ಬು. ಮುಟ್ಟಿದರೆ ಬೆಂಕಿಪೆಟ್ಟಿಗೆಯೊಳಗೆ ಕೂಡಿಹಾಕಿದ ಜೀರುಂಡೆಯ ಹಾಗೆ ಗುಂಯ್ ಎನ್ನುತ್ತಿತ್ತು. ಪ್ರತಿ ಸಲ ಆ ಉಬ್ಬಿಗೇ ದಬ್ಬಣದಂಥ ಎರಡು ಸೂಜಿ ಚುಚ್ಚಿ, ರಕ್ತವನ್ನು ಯಂತ್ರಕ್ಕೆ ಹರಿಸಿ, ಶುದ್ಧ ಮಾಡಿ ಒಳಗೆ ಬಿಡುತ್ತಿದ್ದರು. ಶುದ್ಧ! ಈ ಶಬ್ದವನ್ನು ಡಾಕ್ಟರು ಮೊದಲ ಸಲ ಹೇಳಿದಾಗ ಗೌತಮನಿಗೆ ಎದ್ದು ಹೋಗಬೇಕೆನ್ನಿಸಿತ್ತು. "ನಿಮ್ಮ ರಕ್ತ ಹೊಲಸಾಗೇತ್ರಿ, ಅದನ್ನ ಶುದ್ಧ ಮಾಡಬೇಕು." ಅವನ ಅಜ್ಜ ಮುತ್ತಜ್ಜರಿಗೆ ಊರು ಹೇಳಿದ್ದೂ ಇದನ್ನೇ. ಆದರೆ ಅವರಿಗೆ ಯಾರೂ ಬಿಲ್ಲು ಕೊಟ್ಟಿರಲಿಲ್ಲ, ಅಷ್ಟೆ.

ಶಹರಬಾನು ಅವನ ತೋಳು ಹಿಡಿದು ಹತ್ತಿಯಿಂದ ಒರೆಸಿದಳು. ಮೊದಲು ಸ್ಪಿರಿಟ್ಟು, ಆಮೇಲೆ ಕಂದು ಬಣ್ಣದ ಔಷಧಿ. ಹತ್ತಿ ಒಗೆದು, ಹೊಸ ಹತ್ತಿ ತೆಗೆದುಕೊಂಡು ಎಲ್ಲವನ್ನೂ ಇನ್ನೊಂದು ಸಲ. ಆಚೆ ಮಂಚದವರಿಗೆ ಒಂದೇ ಸಲ ಒರೆಸುವುದನ್ನು ಅವನು ನೋಡಿದ್ದ. ನನಗೆ ಮಾತ್ರ ಎರಡು ಸಲ. ಇವಳಿಗೂ ಗೊತ್ತಾಗಿದೆ, ರಜಿಸ್ಟರಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು ನೋಡಿ ತಿಳಿದುಕೊಂಡಿದ್ದಾಳೆ. ಇವಳನ್ನೇ ಎಷ್ಟು ಮಂದಿ ಒಳಗೆ ಬಿಟ್ಟುಕೊಳ್ಳುತ್ತಾರೋ, ಬಂದಿದ್ದಾಳೆ ನನ್ನ ಚರ್ಮ ತಿಕ್ಕಲು. ಹಿಂದಿನ ಸಲದ ಗಾಯ ತುರಿಸುತ್ತಿತ್ತು. ಈ ರೋಗದಲ್ಲಿ ಮೈಯೆಲ್ಲ ತುರಿಕೆ, ನಿದ್ದೆಯಲ್ಲಿ ಹಕ್ಕಳೆ ಕಿತ್ತುಕೊಂಡಿದ್ದ. "ಇಲ್ಲಿ ಕೆಂಪಗಾಗೇತಲ್ರಿ. ಉಗುರು ಹಚ್ಚಿದ್ರೇನು?" ಎಂದಳು. ಅವನು ಛಾವಣಿ ನೋಡಿದ. ಸ್ವಲ್ಪ ಮೇಲೆ ಬೇರೆ ಜಾಗ ಹುಡುಕಿ ಅವಳು ಸೂಜಿ ಚುಚ್ಚಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಇಳಕಲ್ಲಿನ ಸೀರೆ ವ್ಯಾಪಾರಿ ಯಮನೂರಪ್ಪ ಬಂದಿದ್ದ, ಅವನೂ ಡಯಾಲಿಸಿಸ್ಸಿಗೆ. ಡಾಕ್ಟರು ತಾನೇ ಎದ್ದು ಬಾಗಿಲ ತನಕ ಹೋದ. ಚಪ್ಪಲಿ ಹೊರಗೆ ಬಿಡಬೇಕೆಂಬ ಬೋರ್ಡಿನ ಕೆಳಗೇ ಯಮನೂರಪ್ಪ ಚಪ್ಪಲಿ ಮೆಟ್ಟಿಕೊಂಡು ದಾಟಿ ಬಂದ; ಬೇಸಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ತೋರುಬೆರಳು ತಂಬಾಕು ತಿಕ್ಕಿ ಕಂದಾಗಿತ್ತು. ಅದೇ ಬೆರಳಿನಿಂದ ಎಲ್ಲರಿಗೂ ಬನಶಂಕರಿಯ ಭಂಡಾರದ ಅರಿಶಿನ ಹಂಚಿದ. ಸಿಸ್ಟರಿಗೆ ಕೊಡಲಿಲ್ಲ, ಗೌತಮನ ಮಂಚದ ಹತ್ತಿರ ಬಂದಾಗ ಪೊಟ್ಟಣ ಮುಗಿದಿತ್ತು. ಕೋಣೆಯ ಫ್ಯಾನುಗಳು ಅವನ ದಾನ. ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಅವನ ಹೆಸರು ಬರೆಸಿದ್ದ. ತಿರುಗುವಾಗ ಅದು ಕಾಣುತ್ತಿರಲಿಲ್ಲ. ಕರೆಂಟು ಹೋಗಿ ಎಲ್ಲರೂ ಬೆವರುವಾಗ ಮಾತ್ರ ಓದಲು ಬರುತ್ತಿತ್ತು. ಮೊದಲ ದಿನವೇ ಅವನು ಗೌತಮನನ್ನು, "ಯಾವೂರ ತಮ್ಮಾ? ಯಾರ ಪೈಕಿ?" ಎಂದು ಕೇಳಿದ್ದ. ಗೌತಮ ಊರು ಹೇಳಿ, ಪೈಕಿ ಹೇಳದೆ, ತನ್ನ ಹುದ್ದೆ ಹೇಳಿದ್ದ. "ಹಾಂ ಹಾಂ, ತಿಳೀತ ಬಿಡು," ಎಂದಿದ್ದ ಯಮನೂರಪ್ಪ. ಅಂದಿನಿಂದ ಅವನ ಕಾರು ಹುನಗುಂದದ ಬಸ್‌ಸ್ಟ್ಯಾಂಡಿನ ಮುಂದೆಯೇ ಹಾಯ್ದು ಬಂದರೂ, ಒಂದೇ ಕೋಣೆಗೆ ಒಂದೇ ಹೊತ್ತಿಗೆ ಹೋಗುವ ಗೌತಮ ಅಲ್ಲಿ ನಿಂತಿರುವುದು ಅವನಿಗೆ ಕಂಡಿರಲಿಲ್ಲ.

ಸಾವ್ಕಾರ್ರು ಕೈ ತೊಳೆಯಬೇಕಾಗಿಲ್ಲ. ಅವರ ಕೈ ತೊಳೆದೇ ಹುಟ್ಟಿದ ಕೈ. ತೊಳೆಯಬೇಕಾದದ್ದು ತಾನು, ಚಂದಪ್ಪನ ಮಗ. ಗೌತಮನಿಗೆ ಊರಿನ ಹೋಟೆಲಿನ ಹಿಂಬದಿಯ ಗೋಡೆ ಕಾಣತೊಡಗಿತು. ಅಪ್ಪ ಕುಕ್ಕರಗಾಲಿನಲ್ಲಿ ಕೂತು ಚಹಾ ಕುಡಿದು, ಬೂದಿ ಹಚ್ಚಿ ಗ್ಲಾಸು ತಿಕ್ಕಿ, ಗೋಡೆಯ ಗೂಡಿನಲ್ಲಿ ಬೋರಲು ಹಾಕುತ್ತಿದ್ದ. "ಸರಿಯಾಗಿ ತೊಳಿಯಲೇ ಚಂದ್ಯಾ," ಎನ್ನುತ್ತಿದ್ದ ಒಳಗಿನವನು, ತಲೆ ಎತ್ತದೆ. ಅಪ್ಪ ಮತ್ತೆ ತೊಳೆಯುತ್ತಿದ್ದ, ನಗುತ್ತ. ಆ ನಗುವನ್ನು ಗೌತಮ ಯಾವತ್ತೂ ಕ್ಷಮಿಸಲಿಲ್ಲ. ಅಪ್ಪನ ಜೊತೆ ಹೋಟೆಲಿಗೆ ಹೋಗುವುದನ್ನು ಬಿಟ್ಟ, ಆಮೇಲೆ ಊರನ್ನು, ಕಡೆಗೆ ಅಪ್ಪನ ಜೊತೆ ಮಾತನ್ನೂ. ಓದಿದ, ಪರೀಕ್ಷೆ ಪಾಸು ಮಾಡಿದ, ಅದೇ ಹೋಟೆಲಿನವನ ಹೊಲದ ಉತಾರಿಗೆ ಕಚೇರಿಯ ಸಿಕ್ಕಾ ಹಾಕಿ ಕೊಟ್ಟ. ಯಾರದಾದರೂ ಅಪ್ಪಣೆಯ ಮೇಲೆ ಏನನ್ನಾದರೂ ತೊಳೆಯುವ ಕೆಲಸ ತನ್ನ ಮನೆತನದಲ್ಲಿ ಮುಗಿಯಿತು ಎಂದುಕೊಂಡಿದ್ದ. ಈಗ ಈ ಹುಡುಗಿ ವಾರಕ್ಕೆರಡು ಸಲ ಬಾಗಿಲಲ್ಲೇ ತಡೆದು, ತೊಳ್ಕೊಂಡ ಬರ್ರಿ ಎನ್ನುತ್ತಾಳೆ. ಎಲ್ಲರಿಗೂ ಅನ್ನುತ್ತಾಳಂತೆ. ಎಲ್ಲರಿಗೂ? ಆ ಮಂಚ ನೋಡು.

ಯಂತ್ರ ಸುತ್ತತೊಡಗಿ ಬಹಳ ಹೊತ್ತಾಗಿರಲಿಲ್ಲ. ಬೆನ್ನಹುರಿಯ ಬುಡದಲ್ಲಿ ಸಣ್ಣ ಚಳಿ ಹುಟ್ಟಿತು. ಫ್ಯಾನಿನ ಗಾಳಿ ಎಂದುಕೊಂಡ. ಅದು ಪಕ್ಕೆಗೆ, ಭುಜಕ್ಕೆ, ದವಡೆಗೆ ಏರಿತು. ಹಲ್ಲು ಕಟಕಟ ಬಡಿಯತೊಡಗಿದವು, ಕಬ್ಬಿಣದ ಮಂಚ ನೆಲದ ಮೇಲೆ ಕುಣಿಯುವಂತೆ ಮೈ ನಡುಗಿತು. ತಡೆಯಲು ನೋಡಿದ, ಆಗಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಎನ್ನುವುದೇ ಚಳಿಗಿಂತ ಹೆಚ್ಚು ಬಾಧಿಸಿತು. ಶಹರಬಾನು ಓಡಿ ಬಂದು ಎರಡು ರಗ್ಗು ಹೊದಿಸಿ, ಹಣೆ ಮುಟ್ಟಿ, ಡಾಕ್ಟರನ್ನು ಕೂಗಿದಳು. ವೀರೇಶ ಬಂದು ತೋಳಿನ ಪಟ್ಟಿ ಬಿಚ್ಚಿ ಹಳೆಯ ಗಾಯದ ಪಕ್ಕ ಒತ್ತಿದ. ಹಳದಿ ಕೀವಿನ ಒಂದು ತೊಟ್ಟು ಹೊರಗೆ ಬಂತು.

"ಏನಿದು?" ಡಾಕ್ಟರು ಕೇಳಿದ್ದು ಗೌತಮನನ್ನಲ್ಲ. "ಹೊಲಸ ರಕ್ತಕ್ಕ ಹೊಕ್ಕೇತಿ. ಎಷ್ಟ ಸಲ ಹೇಳಬೇಕು ನಿನಗ, ಸ್ವಚ್ಛ ಮಾಡಿ ಸೂಜಿ ಹಾಕು ಅಂತ? ನನ್ನ ದವಾಖಾನಿ ಹೆಸರ ಕೆಡಸಾಕ ಬಂದೀಯೇನು?"

"ಮಾಡೇನ್ರಿ ಸರ," ಎಂದಳು ಶಹರಬಾನು, ನೆಲ ನೋಡುತ್ತ.

"ಮಾಡಿದ್ರ ಹಿಂಗ ಹೆಂಗ ಆತು?" ಡಾಕ್ಟರು ಆಮೇಲೆ ಗೌತಮನ ಕಡೆ ತಿರುಗಿ ದನಿ ಇಳಿಸಿದ. "ನೀವು ಕೈ ತೊಳ್ಕೊಂಡಿದ್ರೆಲ್ರಿ?"

ಕಟಕಟಿಸುವ ಹಲ್ಲಿನ ನಡುವೆ ಗೌತಮ, "ತೊಳ್ಕೊಂಡಿದ್ದೆ," ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು. ಶಹರಬಾನು ಒಂದು ಸಲ ಅವನನ್ನು ನೋಡಿದಳು, ಬೇಗನೆ ಕಣ್ಣು ತೆಗೆದಳು. ಮಿಕ್ಕ ಮಂಚದವರು ತಮ್ಮ ತಮ್ಮ ತೋಳಿನ ಪಟ್ಟಿಗಳನ್ನು ಸಂಶಯದಿಂದ ನೋಡಿಕೊಂಡರು.

ಪರೀಕ್ಷೆಗೆ ರಕ್ತ ತೆಗೆದುಕೊಂಡು, ಇಂಜೆಕ್ಷನ್ ಕೊಟ್ಟು, ಹುನಗುಂದದಲ್ಲಿ ದಿನಾ ಇದನ್ನೇ ಮಾಡಿಸಿಕೊಳ್ಳಿ ಎಂದು ಬರೆದುಕೊಟ್ಟರು. ಚಳಿ ಇಳಿದು ಜ್ವರ ಏರಿತ್ತು. ಬಸ್‌ಸ್ಟ್ಯಾಂಡಿನ ತನಕ ಹೇಗೆ ನಡೆಯುವುದೆಂದು ಮೆಟ್ಟಿಲ ಮೇಲೆ ಕೂತಿದ್ದಾಗ ಬಿಳಿ ಕಾರು ಬಂದು ನಿಂತಿತು. "ಹತ್ತ ತಮ್ಮಾ, ಹತ್ತು. ಹುನಗುಂದದ ಮ್ಯಾಲೇ ಹೋಗೂದು," ಎಂದ ಯಮನೂರಪ್ಪ. ಗೌತಮ ಹತ್ತಿದ. ಬೇಡ ಎನ್ನಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದ. ಸೀಟು ಮೆತ್ತಗಿತ್ತು, ತಂಪಾಗಿತ್ತು. ಇಂಥ ಸೀಟಿನಲ್ಲಿ ಕೂತೇ ಇವರು ಹೀಗಾಗಿದ್ದಾರೆ ಎಂದುಕೊಂಡು ತಲೆ ಆನಿಸಿದ.

"ಒಂದ ಮಾತ ಹೇಳ್ತೇನಿ ಕೇಳು," ಅಮೀನಗಡ ದಾಟಿದ ಮೇಲೆ ಯಮನೂರಪ್ಪ ಶುರು ಮಾಡಿದ. "ನಮ್ಮಂಥವರು ಬಾಯಿ ಮುಚ್ಚಿಕೊಂಡ ಕುಂತ್ರ ಇವರು ಕೊಂದ ಹಾಕ್ತಾರ. ಆಕಿ ಕೈಲೆ ಸೂಜಿ ಹಾಕಿಸ್ಕೊಳ್ಳಾಕ ನನಗ ಮೊದಲಿಂದ ಮನಸಿಲ್ಲ. ಮನ್ಯಾಗ ಏನ ಮುಟ್ಟಿರ್ತಾರೋ, ಏನ ಕೊಯ್ದಿರ್ತಾರೋ. ಸ್ವಚ್ಛ ಅನ್ನೂದು ಕಲಿಸಿದ್ರ ಬರೂದಲ್ಲ ತಮ್ಮಾ, ಹುಟ್ಟಿನಿಂದ ಬರಬೇಕು. ಬರೂ ಸಲ ಡಾಕ್ಟರಿಗೆ ಹೇಳಿ ತಗಸೋಣು. ನೀನೂ ಹೇಳು. ಕೀವ ಆಗಿದ್ದು ನಿನ್ನ ಕೈಗೆ. ಹೌದಲ್ಲ?"

ನಮ್ಮಂಥವರು. ಜ್ವರದಲ್ಲಿ ಆ ಶಬ್ದ ಗೌತಮನ ಕಿವಿಯಲ್ಲಿ ಬಿಸಿ ಎಣ್ಣೆಯ ಹಾಗೆ ಸುಖವಾಗಿ ಇಳಿಯಿತು. ಹುಟ್ಟಿನಿಂದ ಬರಬೇಕು ಎಂಬ ಮಾತನ್ನು ಅವನು ಹಿಂದೆಯೂ ಕೇಳಿದ್ದ, ಇದೇ ರಾಗದಲ್ಲಿ. ಆಗ ಅವನು ಆ ಮಾತಿನ ಹೊರಗಿದ್ದ, ಈಗ ಒಳಗೆ, ಮೆತ್ತನೆಯ ಸೀಟಿನ ಮೇಲೆ. ಯಮನೂರಪ್ಪನ ಮೇಲೆ ಹೇಸಿಕೆ ಬಂತು. ಕಾರು ನಿಲ್ಲಿಸು ಎನ್ನಬೇಕು.

"ಹೌದ್ರಿ," ಎಂದ ಗೌತಮ.

ಮನೆಯಲ್ಲಿ ಅವನ ಹೆಂಡತಿ ಜಯಶ್ರೀ ಕಾರಿನ ಸದ್ದು ಕೇಳಿ ಬಾಗಿಲಿಗೆ ಬಂದವಳು, ಇಳಿದವನ ಮುಖ ನೋಡಿ ಹಾಸಿಗೆ ಹಾಸಿದಳು. ಅವನ ಎಡಗೈ ಉಬ್ಬಿಗೆ ಕಿವಿಯಿಟ್ಟು ಒಳಗಿನ ಸದ್ದು ಕೇಳುವುದು ಅವಳ ದಿನದ ಕೆಲಸ. ಆ ಸದ್ದು ಇರುವ ತನಕ ಗಂಡ ಇದ್ದಾನೆ ಎಂದು ಯಾರೋ ಹೇಳಿದ್ದರು. ಅವತ್ತು ಕೆಂಪಗೆ ಊದಿದ ತೋಳಿನ ಮೇಲೆ ಕಿವಿಯಿಡಲು ಹೆದರಿದಳು. "ಇದು ಹೆಂಗಾತ್ರಿ?" ಎಂದಳು.

"ಸಿಸ್ಟರ್ ಸರಿಯಾಗಿ ಸ್ವಚ್ಛ ಮಾಡಿಲ್ಲಂತ."

"ಯಾರು, ಶಹರಬಾನುನ? ಆಕಿ ಭಾಳ ಕಾಳಜಿಲೆ ಮಾಡ್ತಾಳಲ್ರಿ. ನಾ ಬಂದಾಗ ನೋಡೇನಿ. ನಿಮಗ ಎರಡೆರಡ ಸಲ ಒರಸ್ತಾಳ."

"ಅದ ಯಾಕ ಎರಡ ಸಲ? ನಾ ಏನ ಅಷ್ಟ ಹೊಲಸ?" ಎಂದು ಅವನು ಕೂಗಿದ. ಜಯಶ್ರೀ ಎದ್ದು ಹೋದಳು. ತಾನು ಯಾಕೆ ಕೂಗಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ ಎನ್ನುವುದು ಅವನಿಗೆ ಸಮಾಧಾನ. ಗೊತ್ತಾಗಬಾರದಾಗಿತ್ತೆ? ಈ ಮನೆಯಲ್ಲಿ ಯಾರಿಗೂ ಏನೂ ತಿಳಿಯದ ಹಾಗೆ ನೋಡಿಕೊಂಡದ್ದು ತಾನೇ. ಗೋಡೆಯ ಕಡೆ ತಿರುಗಿ, ಬಲಗೈ ಉಗುರಿನಿಂದ ಎಡ ತೋಳಿನ ಸುತ್ತ ತುರಿಸಿಕೊಳ್ಳುತ್ತ, ಶಹರಬಾನುವಿನ ಆ ಒಂದು ನೋಟಕ್ಕೆ ಮನಸ್ಸಿನಲ್ಲೇ ಉತ್ತರ ಕೊಡತೊಡಗಿದ. ನಾನು ತೊಳೆಯದಿದ್ದರೇನು, ನೀನು ಒರೆಸಿದ್ದೆಯಲ್ಲ. ಆ ಸಾವ್ಕಾರನೂ ತೊಳೆಯುವುದಿಲ್ಲ, ಅವನಿಗೆ ಯಾಕೆ ಏನೂ ಆಗಲಿಲ್ಲ? ರೋಗಾಣುಗಳೂ ಪೈಕಿ ಕೇಳಿ ಬರುತ್ತವೇನು? ವಾದ ಪೂರಾ ತನ್ನದೇ ಆಗಿದ್ದರೂ ಅವನು ಸೋಲುತ್ತಲೇ ಇದ್ದ.

ಮುಂದಿನ ಸಲ ಜಯಶ್ರೀಯೇ ಅವನನ್ನು ಬಸ್ಸಿನಲ್ಲಿ ಕರೆತಂದಳು. ಇಂಜೆಕ್ಷನ್ನಿಗೂ ಜ್ವರ ಬಿಟ್ಟಿರಲಿಲ್ಲ, ತೋಳು ಕಲ್ಲಿನ ಹಾಗೆ ಬಿಗಿದಿತ್ತು. ಒಳಗೆ ಹೋದಾಗ ಯಮನೂರಪ್ಪ ಆಗಲೇ ಯಂತ್ರಕ್ಕೆ ಹತ್ತಿದ್ದ. ಬೇರೊಬ್ಬ ಸಿಸ್ಟರು ಅವನಿಗೆ ಸೂಜಿ ಹಾಕಿದ್ದಳು. ಮಂಚದ ಪಕ್ಕ ಡಾಕ್ಟರು ನಿಂತಿದ್ದ, ಗೋಡೆಗೆ ಹತ್ತಿ ಶಹರಬಾನು. ಎಲ್ಲ ಮುಗಿಸಿಟ್ಟುಕೊಂಡೇ ಅವನಿಗಾಗಿ ಕಾಯುತ್ತಿದ್ದಂತಿತ್ತು.

"ಬಂದ ನೋಡ್ರಿ. ಅವನನ್ನ ಕೇಳ್ರಿ," ಎಂದ ಯಮನೂರಪ್ಪ. "ಆಕಿನ್ನ ಇಲ್ಲಿಂದ ತಗೀತೀರೋ, ನಾ ಹುಬ್ಬಳ್ಳಿಗೆ ಹೋಗ್ಲೋ?"

ಡಾಕ್ಟರಿಗೆ ಕೇಳುವುದೇನೂ ಇರಲಿಲ್ಲ. "ನಾಳಿಂದ ನೀ ಈ ಕಡೆ ಬರೂದ ಬ್ಯಾಡ," ಎಂದ ಶಹರಬಾನುಗೆ. "ಪಗಾರ ಲೆಕ್ಕಾ ಮಾಡಿಸ್ಕೊ."

ಅವಳು ಅಳುತ್ತಾಳೆ ಎಂದು ಗೌತಮ ಕಾದ. ಅತ್ತರೆ ತಾನು ಏನಾದರೂ ಹೇಳಬಹುದು, ದೊಡ್ಡವನಾಗಬಹುದು. ಅವಳು ಅಳಲಿಲ್ಲ.

"ಹೋಗ್ತೇನ್ರಿ ಸರ. ಹೇಳಬಾರದು ಅಂತಿದ್ದೆ, ಈಗ ಹೇಳೇ ಹೋಗ್ತೇನಿ. ಇವರು ಕೈ ತೊಳಿಯೂದಿಲ್ರಿ. ನಲ್ಲಿ ಬಿಡ್ತಾರ, ನಿಂದರ್ತಾರ, ಬಂದ್ ಮಾಡ್ತಾರ. ಕೈ ಒಣಾನ ಇರ್ತಾವು."

"ಮತ್ತ ಇಷ್ಟ ದಿನಾ ಬಾಯಾಗ ಏನಿಟ್ಕೊಂಡಿದ್ದಿ?"

"ತೊಳ್ಕೊಳ್ರಿ ಅಂದಾಗೊಮ್ಮೆ ಇವರ ಮಾರಿ ಹೆಂಗೋ ಆಗ್ತಿತ್ರಿ. ಯಾರೋ ಕಪಾಳಕ್ಕ ಹೊಡದಂಗ." ಅವಳು ಈಗ ಡಾಕ್ಟರನ್ನಲ್ಲ, ಗೌತಮನನ್ನೇ ನೋಡುತ್ತಿದ್ದಳು. "ನನಗ ತಿಳೀತಿತ್ತು. ನಾವು ಬಾಡಿಗಿ ಮನಿ ಕೇಳಾಕ ಹೋದಾಗ, ಹೆಸರ ಹೇಳಿದ ಕೂಡ್ಲೇ ಬಾಗಿಲಾ ಹಾಕ್ತಾರಲ್ಲ, ಆಗ ನಮ್ಮಪ್ಪನ ಮಾರಿನೂ ಹಂಗ ಆಗ್ತಿತ್ತು. ಅದಕ್ಕ ಇವರಿಗೆ ಮತ್ತ ಮತ್ತ ಹೇಳಾಕ ಮನಸ ಬರ್ಲಿಲ್ಲ. ನಾನ ಎರಡ ಸಲ ಒರಿಸಿ ಸೂಜಿ ಹಾಕ್ತಿದ್ದೆ. ಒರಿಸಿದ್ರ ಸಾಲೂದಿಲ್ಲ, ಅದೂ ಗೊತ್ತಿತ್ತು. ತಪ್ಪು ನಂದ. ಸಿಟ್ಟಾದ್ರ ಆಗ್ಲಿ ಅಂತ ಕೈ ಹಿಡದು ತೊಳಸಬೇಕಿತ್ತು."

ಗೌತಮನಿಗೆ ಕಳ್ಳನೆಂದು ಸಿಕ್ಕಿಬಿದ್ದ ನಾಚಿಕೆಯಾಗಲಿಲ್ಲ. ಅದಕ್ಕಿಂತ ಕೆಟ್ಟದ್ದೇನೋ ಆಯಿತು. ಯಾರಿಗೂ ಕಾಣದೆಂದು ಇಷ್ಟು ವರ್ಷ ಶರ್ಟು ಇಸ್ತ್ರಿ ಮಾಡಿ, ಪೆನ್ನು ಸಿಕ್ಕಿಸಿ, ಮುಚ್ಚಿಟ್ಟುಕೊಂಡದ್ದನ್ನು ಈ ಹುಡುಗಿ ಮೊದಲ ದಿನವೇ ಮುಖದ ಮೇಲೆ ಓದಿಬಿಟ್ಟಿದ್ದಳು. ಓದಿ, ಕನಿಕರಪಟ್ಟಿದ್ದಳು. ತಾನು ಬೇಸಿನ್ನಿನ ಮುಂದೆ ಗೆದ್ದೆನೆಂದು ಬೀಗುವಾಗ ಅವಳು ಒಳಗೆ ಎರಡನೇ ಹತ್ತಿಯನ್ನು ತೋಯಿಸುತ್ತಿದ್ದಳು. ಕನಿಕರಪಡಲು ಇವಳು ಯಾರು?

"ಸುಳ್ಳ!" ಯಮನೂರಪ್ಪ ದಿಂಬಿನಿಂದ ತಲೆ ಎತ್ತಿದ. "ಓದಿದ ಮನಷಾ, ಸರಕಾರಿ ನೌಕರದಾಂವ, ಕೈ ತೊಳಿಯೂದಿಲ್ಲಂತ! ಹೇಳ ತಮ್ಮಾ. ಅಂಜಬ್ಯಾಡ, ನಾ ಅದೇನಿ."

ಒಂದು ಶಬ್ದ ಸಾಕಿತ್ತು. ಸುಳ್ಳು ಎಂದರೆ ಎಲ್ಲ ನಂಬುತ್ತಾರೆ. ಅವಳ ಕಡೆ ಯಾರಿದ್ದಾರೆ? ಸಂಜೆ ಅದೇ ಕಾರು, ಅದೇ ಸೀಟು. ಯಮನೂರಪ್ಪನ ಕಣ್ಣುಗಳಲ್ಲಿ ನಿಜವಾದ ಅಕ್ಕರೆ ಇತ್ತು, ಅದೇ ಅಸಹ್ಯವಾಗಿತ್ತು. ಬಾಗಿಲಲ್ಲಿ ಜಯಶ್ರೀ ಬುತ್ತಿಯ ಚೀಲ ಹಿಡಿದು ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಇವರೆಲ್ಲ ಹಾಳಾಗಿ ಹೋಗಲಿ ಎಂದುಕೊಂಡ ಗೌತಮ. ಈ ಹುಡುಗಿಯೂ ಹಾಳಾಗಿ ಹೋಗಲಿ.

"ಖರೆ ಅದ," ಎಂದ. ದನಿ ತನ್ನದಲ್ಲವೆನ್ನಿಸಿತು. "ಒಂದ ದಿನಾನೂ ತೊಳದಿಲ್ಲ."

ಯಮನೂರಪ್ಪ ಅವನನ್ನೇ ನೋಡಿದ. ಅಕ್ಕರೆ ಬತ್ತಿ, ಮೊದಲ ದಿನದ ತಿಳಿವಳಿಕೆ ಮುಖಕ್ಕೆ ವಾಪಸು ಬಂತು. "ಹಾಂ," ಎಂದ ನಿಧಾನವಾಗಿ. "ಎಷ್ಟ ಓದಿದ್ರೇನ. ಹುಟ್ಟಗುಣ."

"ನೀವೂ ತೊಳಿಯೂದಿಲ್ಲ ಸಾವ್ಕಾರ್ರ," ಗೌತಮ ಹೇಳಿದ. "ನಿಮ್ಮನ್ನ ಕೇಳಾಕ ಇವರಿಗೆ ಧೈರ್ಯ ಇಲ್ಲ, ಅಷ್ಟ. ನೀವು ಹೊಲಸು, ನಾ ಸುಳ್ಳ. ಆಕಿ ಯಾಕ ಹೋಗಬೇಕು?"

ಯಮನೂರಪ್ಪ ಎದ್ದು ಹೋಗುವಂತಿರಲಿಲ್ಲ. ಅವನ ರಕ್ತ ಯಂತ್ರದಲ್ಲಿ ಸುತ್ತುತ್ತಿತ್ತು. ಬೈಯುತ್ತ ಮುಖಕ್ಕೆ ಟವೆಲು ಎಳೆದುಕೊಂಡ. ಡಾಕ್ಟರು ಎಲ್ಲರ ತಲೆಯ ಮೇಲಿಂದ ಗೋಡೆ ನೋಡುತ್ತ, "ಇನ್ನ ಮ್ಯಾಲೆ ಎಲ್ಲಾರೂ ತೊಳೀಬೇಕು. ಸಿಸ್ಟರ್ ನಿಂತ ನೋಡಬೇಕು," ಎಂದ, ಶಹರಬಾನು ಕಡೆ ನೋಡದೆಯೇ, "ಹೋಗು, ಕೆಲಸಾ ನೋಡು," ಎಂದ. ಕ್ಷಮಿಸು ಎಂಬ ಶಬ್ದ ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಗೌತಮನ ಬಾಯಿಂದಲೂ.

ಎಡಗೈಯ ಆ ಉಬ್ಬು ಉಳಿಯಲಿಲ್ಲ. ಅವನನ್ನು ದವಾಖಾನೆಯಲ್ಲೇ ಇಟ್ಟುಕೊಂಡು ಔಷಧಿ ಹರಿಸಿದರು. ಜ್ವರ ಬಿಟ್ಟಿತು, ಜೀವ ನಿಂತಿತು. ಒಂದು ಬೆಳಿಗ್ಗೆ ಜಯಶ್ರೀ ತೋಳಿಗೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ಬಗ್ಗಿದ್ದಳು. "ಏನೂ ಕೇಳವಲ್ತು," ಎಂದಳು. ಆಮೇಲೆ ಸೆರಗಿನಿಂದ ಅವನ ತೋಳು ಮುಚ್ಚಿ, ಗೋಡೆಗೆ ಒರಗಿ ಕೂತಳು. ಬೈದಿದ್ದರೆ ಒಳ್ಳೆಯದಿತ್ತು. ಬಲಗೈಯಲ್ಲಿ ಹೊಸದಾಗಿ ಹೊಲಿಯಬೇಕು, ಅದು ಬಲಿಯುವ ತನಕ ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕಬೇಕು ಎಂದ ಡಾಕ್ಟರು. ಕಿವಿಯ ಕೆಳಗೆ ಎರಡು ಪ್ಲಾಸ್ಟಿಕ್ಕಿನ ತುದಿಗಳು ಜೋತುಬಿದ್ದವು.

ಆ ನಳಿಕೆಯನ್ನು ಯಂತ್ರಕ್ಕೆ ಜೋಡಿಸಲು ಶಹರಬಾನುವೇ ಬಂದಳು. ಮೂಗು ಬಾಯಿಗೆ ಬಿಳಿ ಮಾಸ್ಕು ಕಟ್ಟಿಕೊಂಡಿದ್ದಳು, ಅವನಿಗೂ ಒಂದು ಕಟ್ಟಿದಳು. ಹೇಳಬೇಕಾದದ್ದನ್ನು ಗೌತಮ ಎಷ್ಟೋ ದಿನದಿಂದ ಜೋಡಿಸಿಕೊಂಡಿದ್ದ. ಕೈ ತೊಳೆಯದ್ದು ಅವಳಿಗೆ ಗೊತ್ತಿತ್ತು. ಕಾರಿನಲ್ಲಿ 'ಹೌದ್ರಿ' ಎಂದದ್ದು ಗೊತ್ತಿರಲಿಲ್ಲ.

"ಶಹರಬಾನು, ಅವತ್ತ ನಾ ಸಾವ್ಕಾರನ ಕಾರಿನ್ಯಾಗ..."

"ಮಾತಾಡಬ್ಯಾಡ್ರಿ," ಎಂದಳು ಅವಳು, ಕೈಗವಸು ಎಳೆದುಕೊಳ್ಳುತ್ತ. "ಇದರ ಬಾಯಿ ತಗದಾಗ ನಿಮ್ಮ ಉಸರ ಬಿದ್ರ ಹೊಲಸ ಸೀದಾ ಎದಿಗುಂಡಿಗಿಗೆ ಹೊಕ್ಕೇತಿ. ಮಾರಿ ಆ ಕಡೆ ಹೊಳ್ಳಸ್ರಿ."

ಅವನು ಮುಖ ಆ ಕಡೆ ತಿರುಗಿಸಿದ. ಅಲ್ಲಿ ಬರೀ ಗೋಡೆ. ಸ್ಪಿರಿಟ್ಟಿನ ತಂಪು ಕುತ್ತಿಗೆಗೆ ತಾಗಿತು, ಮುಚ್ಚಳ ತಿರುವುವ ಸಣ್ಣ ಸದ್ದು ಕಿವಿಯ ಬುಡದಲ್ಲೇ ಕೇಳಿಸಿತು. ಅವನು ಉಸಿರು ಬಿಗಿಹಿಡಿದ. ಯಂತ್ರ ಸುತ್ತತೊಡಗಿತು.

"ಆತ್ರಿ," ಎಂದಳು. ಏನು ಹೇಳುತ್ತಿದ್ದಿರಿ ಎಂದು ಕೇಳಲಿಲ್ಲ. "ಉಗುರ ತೋರಸ್ರಿ."

ಗೌತಮ ಹತ್ತೂ ಬೆರಳು ಚಾಚಿದ. ಅವಳು ಬಗ್ಗಿ ಒಂದೊಂದನ್ನೂ ನೋಡಿದಳು.

"ಹೊಲಸ ಅದಾವು. ಬರೂಮುಂದ ಕತ್ತರಿಸ್ಕೊಂಡು, ತಿಕ್ಕಿ ತೊಳ್ಕೊಂಡ ಬರ್ರಿ. ಇಲ್ಲಂದ್ರ ಒಳಗ ಬಿಡೂದಿಲ್ಲ."

ಅವನ ಮುಖ ಏನಾಯಿತೋ ಏನೋ, ಅವಳು ನೋಡಲಿಲ್ಲ. ಆಗಲೇ ಪಕ್ಕದ ಮಂಚದ ಕಡೆ ಹೋಗಿದ್ದಳು.